ಕಪ್ಪು ವರ್ಣೀಯರ ಸಂಸ್ಥೆಗೆ ಕೆನಡಾದಲ್ಲಿ ಬಲವರ್ಧನೆ ಅನುದಾನ: ಪಡೆಯುವುದು ಹೇಗೆ?

ಕೆನಡಾದ ದೊಡ್ಡ ಪ್ರತಿಷ್ಠಾನಗಳು 100 ಡಾಲರ್ ಹಂಚಿದರೆ ಅದರಲ್ಲಿ ಕಪ್ಪು ವರ್ಣೀಯರೇ ನಡೆಸುವ ಸಂಸ್ಥೆಗಳಿಗೆ ಸೇರುವುದು 7 ಸೆಂಟ್ ಎಂದು 2020ರ ಕೊನೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. 2021ರ ಜನಗಣತಿಯಂತೆ ಆ ದೇಶದಲ್ಲಿ ಕಪ್ಪು ವರ್ಣೀಯರ ಸಂಖ್ಯೆ 15 ಲಕ್ಷಕ್ಕೂ ಹೆಚ್ಚು; ಜನಸಂಖ್ಯೆಯ ಶೇ 4.3. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹಾಗೆಂದು ಕೆಲಸ ನಿಂತಿಲ್ಲ. ಮಕ್ಕಳಿಗೆ ಸಂಜೆ ಪಾಠ, ಹಿರಿಯರಿಗೆ ಊಟ, ಹೊಸದಾಗಿ ಬಂದ ಕುಟುಂಬಕ್ಕೆ ಮನೆ ಹುಡುಕಿಕೊಡುವುದು ಎಲ್ಲವೂ ನಡೆಯುತ್ತಿವೆ. ಇಲ್ಲದಿರುವುದು ಅದರ ಹಿಂದೆ ನಿಲ್ಲಬೇಕಾದ ವ್ಯವಸ್ಥೆ: ಲೆಕ್ಕ ಬರೆಯುವವರು, ಸ್ವಂತದ್ದೊಂದು ಕಚೇರಿ, ಅರ್ಜಿ ಸಿದ್ಧಪಡಿಸಲು ಬಿಡುವಿರುವ ಒಬ್ಬರು. ಈ ಕೊರತೆಗಾಗಿಯೇ ಕೆನಡಾ ಸರ್ಕಾರ 2019ರ ಬಜೆಟ್‌ನಲ್ಲಿ ಐದು ವರ್ಷಕ್ಕೆ 2.5 ಕೋಟಿ ಡಾಲರ್ ತೆಗೆದಿಟ್ಟು ‘ಸಪೋರ್ಟಿಂಗ್ ಬ್ಲ್ಯಾಕ್ ಕೆನೆಡಿಯನ್ ಕಮ್ಯುನಿಟೀಸ್ ಇನಿಷಿಯೇಟಿವ್’ ಎಂಬ ಯೋಜನೆ ತಂದಿತು. 2021ರ ಬಜೆಟ್ ಅದಕ್ಕೆ ಇನ್ನೂ 10 ಕೋಟಿ ಸೇರಿಸಿತು.

ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್, ಮಿಸ್ಸಿಸಾಗಾ, ಸ್ಕಾರ್ಬರೊ ಕಡೆ ನೆಲೆಸಿರುವ ಕನ್ನಡಿಗರಲ್ಲಿ ಲೆಕ್ಕಪತ್ರ ಬಲ್ಲವರು, ಬಿಡುವಿನಲ್ಲಿ ನೆರೆಹೊರೆಯ ಸಂಸ್ಥೆಗೆ ದುಡಿಯಬೇಕೆನ್ನುವವರು ಇದ್ದಾರೆ. ಇಂಥ ಸಂಸ್ಥೆಯೊಂದರ ಅರ್ಜಿ ನಿಮ್ಮ ಮೇಜಿಗೆ ಬಂದರೆ ಏನು ಮಾಡಬೇಕೆಂಬುದು ಈ ಲೇಖನದ ವಿಷಯ.

ಮೊದಲು ಅರ್ಹತೆ

ಈ ಯೋಜನೆಯಲ್ಲಿ ‘ಕಪ್ಪು ವರ್ಣೀಯರ ನೇತೃತ್ವ’ ಎಂದರೆ ಸಂಸ್ಥೆಯನ್ನು ಮುನ್ನಡೆಸುವವರು ಮತ್ತು ಆಡಳಿತ ಮಂಡಳಿಯಲ್ಲಿರುವವರ ಪೈಕಿ ಕನಿಷ್ಠ ಮೂರನೇ ಎರಡರಷ್ಟು ಜನ ತಾವು ಕಪ್ಪು ವರ್ಣೀಯರೆಂದು ಹೇಳಿಕೊಂಡಿರಬೇಕು. ನಮ್ಮಲ್ಲಿಯ ಜಾತಿ ಪ್ರಮಾಣಪತ್ರದಂಥ ಕಾಗದವನ್ನು ಯಾರೂ ಕೇಳುವುದಿಲ್ಲ. ಸ್ವಯಂ ಘೋಷಣೆ ಸಾಕು.

ಸಹಾಯಕ್ಕೆ ಹೋದ ನೀವೇ ತೊಡಕಾಗುವ ಸಾಧ್ಯತೆ ಇರುವುದು ಇಲ್ಲಿಯೇ. ಆರು ಮಂದಿಯ ಮಂಡಳಿಯಲ್ಲಿ ನಾಲ್ವರು ಕಪ್ಪು ವರ್ಣೀಯರಿದ್ದರೆ ಲೆಕ್ಕ ಸರಿಯಾಗಿ ಮೂರನೇ ಎರಡು. ಏಳನೆಯವರಾಗಿ ನೀವು ನಿರ್ದೇಶಕರ ಕುರ್ಚಿಯಲ್ಲಿ ಕುಳಿತರೆ ಪ್ರಮಾಣ ಶೇ 57ಕ್ಕೆ ಇಳಿಯುತ್ತದೆ, ಅರ್ಹತೆ ಹೋಗುತ್ತದೆ. ಹಣಕಾಸು ಉಪಸಮಿತಿಯಲ್ಲಿ ಮತದಾನದ ಹಕ್ಕಿಲ್ಲದ ಸ್ವಯಂಸೇವಕರಾಗಿ ಕೆಲಸ ಮಾಡುವುದೇ ಮೇಲು. ಹೇಗೂ ನಿರ್ಧಾರ ಅವರದಾಗಿರಬೇಕೆಂಬುದೇ ಈ ಷರತ್ತಿನ ಉದ್ದೇಶ.

ಇನ್ನೊಂದು ಷರತ್ತು ನೋಂದಣಿಯದು. ಸಂಸ್ಥೆ ಒಕ್ಕೂಟ ಸರ್ಕಾರದ ಅಥವಾ ಪ್ರಾಂತ್ಯದ ಕಾನೂನಿನಡಿ ಲಾಭರಹಿತ ನಿಗಮವಾಗಿರಬೇಕು. ಒಂಟಾರಿಯೊದಲ್ಲಿ 2021ರ ಅಕ್ಟೋಬರ್ 19ರಿಂದ ಇಂಥ ನಿಗಮಗಳಿಗೆ ಹೊಸ ಕಾಯ್ದೆ ಜಾರಿಯಲ್ಲಿದೆ. ಒಕ್ಕೂಟ ಕಾನೂನಿನಡಿ ನೋಂದಾಯಿಸಿದ ಸಂಸ್ಥೆಗೆ ಸಾರ್ವಜನಿಕರಿಂದ ಅಥವಾ ಸರ್ಕಾರದಿಂದ ವರ್ಷಕ್ಕೆ 10,000 ಡಾಲರ್‌ಗಿಂತ ಹೆಚ್ಚು ಬಂದರೆ ಕನಿಷ್ಠ ಮೂವರು ನಿರ್ದೇಶಕರು ಇರಲೇಬೇಕು, ಅವರಲ್ಲಿ ಇಬ್ಬರು ಪದಾಧಿಕಾರಿಗಳೂ ನೌಕರರೂ ಆಗಿರಬಾರದು. ಗಂಡ, ಹೆಂಡತಿ ಸೇರಿ ಕಟ್ಟಿದ ಎಷ್ಟೋ ಸಂಸ್ಥೆಗಳು ಈ ಅಂಶವನ್ನು ಅನುದಾನ ಬಂದ ಮೇಲೆ ಗಮನಿಸುತ್ತವೆ.

‘ನಾವು ನೋಂದಾಯಿತ ದತ್ತಿ ಸಂಸ್ಥೆಯಲ್ಲವಲ್ಲ’ ಎಂಬ ಅಳುಕು ಬೇಡ. ದತ್ತಿ ಸ್ಥಾನಮಾನ ಇಲ್ಲದ ಸಂಸ್ಥೆಗಳಿಗೆ ಪ್ರತಿಷ್ಠಾನಗಳು ನೇರವಾಗಿ ಅನುದಾನ ಕೊಡಲು ಮೊದಲು ಆಗುತ್ತಿರಲಿಲ್ಲ. 2022ರ ಜೂನ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ ತಂದ ತಿದ್ದುಪಡಿ, ಲೆಕ್ಕ ಮತ್ತು ನಿಗಾ ಕುರಿತ ಷರತ್ತುಗಳೊಂದಿಗೆ ಅದಕ್ಕೆ ದಾರಿ ಮಾಡಿತು. ಹಳೆಯ ನಿಯಮವನ್ನೇ ನೆಚ್ಚಿಕೊಂಡು ‘ಆಗುವುದಿಲ್ಲ’ ಎನ್ನುವವರು ಸಿಕ್ಕರೆ ತಿದ್ದುಪಡಿಯನ್ನು ವಿನಯದಿಂದಲೇ ನೆನಪಿಸಿ.

ಎಲ್ಲಿ ಕೇಳಬೇಕು?

ಯೋಜನೆಯ ಒಡೆತನ ‘ಎಂಪ್ಲಾಯ್‌ಮೆಂಟ್ ಆ್ಯಂಡ್ ಸೋಷಿಯಲ್ ಡೆವಲಪ್‌ಮೆಂಟ್ ಕೆನಡಾ’ ಇಲಾಖೆಯದು. ಆದರೆ ಸಣ್ಣ ಸಂಸ್ಥೆಗಳಿಗೆ ಹಣ ಹಂಚುವ ಕೆಲಸವನ್ನು ಅದು ಕಪ್ಪು ವರ್ಣೀಯರದೇ ಆದ ಮಧ್ಯವರ್ತಿ ಸಂಸ್ಥೆಗಳಿಗೆ ಒಪ್ಪಿಸುತ್ತ ಬಂದಿದೆ: ಟೊರಾಂಟೊದ ಟ್ರಾಪಿಕಾನಾ ಕಮ್ಯುನಿಟಿ ಸರ್ವೀಸಸ್, ಮಾಂಟ್ರಿಯಲ್‌ನ ಗ್ರೂಪ್ 3737, ಹ್ಯಾಲಿಫ್ಯಾಕ್ಸ್‌ನ ಬ್ಲ್ಯಾಕ್ ಬಿಸಿನೆಸ್ ಇನಿಷಿಯೇಟಿವ್, ಎಡ್ಮಂಟನ್‌ನ ಆಫ್ರಿಕಾ ಸೆಂಟರ್. ಅರ್ಜಿಗೆ ಕರೆ ಬಂದಾಗ ಮಾತ್ರ ಬಾಗಿಲು ತೆರೆಯುತ್ತದೆ; ಆದ್ದರಿಂದ ಇವರ ಇಮೇಲ್ ಪಟ್ಟಿಗೆ ಇಂದೇ ಸೇರಿಕೊಳ್ಳಿ.

ಇನ್ನೊಂದು ದಾರಿ ‘ಫೌಂಡೇಷನ್ ಫಾರ್ ಬ್ಲ್ಯಾಕ್ ಕಮ್ಯುನಿಟೀಸ್’. 20 ಕೋಟಿ ಡಾಲರ್‌ನ ಮೂಲನಿಧಿಯನ್ನು ನಿರ್ವಹಿಸಲು ಸರ್ಕಾರ 2023ರಲ್ಲಿ ಇದನ್ನು ಆರಿಸಿತು. ಅಸಲನ್ನು ಹೂಡಿಕೆಯಲ್ಲಿಟ್ಟು ಗಳಿಕೆಯನ್ನು ಹಂಚುವ ಏರ್ಪಾಡು ಇದಾದ್ದರಿಂದ ಸರ್ಕಾರ ಬದಲಾದರೂ ಅನುದಾನ ನಿಲ್ಲಬೇಕಾಗಿಲ್ಲ. ನನ್ನ ಮಟ್ಟಿಗೆ, ವರ್ಷ ವರ್ಷದ ಬಜೆಟ್ ಘೋಷಣೆಗಳಿಗಿಂತ ಇದು ಗಟ್ಟಿಯಾದ ಕ್ರಮ.

ಇಲಾಖೆಗೇ ನೇರ ಅರ್ಜಿಯಾದರೆ ಅದರ ಆನ್‌ಲೈನ್ ಪೋರ್ಟಲ್‌ನಲ್ಲಿ ಸಂಸ್ಥೆಯ ಖಾತೆ ಬೇಕು. ಖಾತೆಯ ಪರಿಶೀಲನೆಗೆ ಸಮಯ ಹಿಡಿಯುತ್ತದೆ. ಕೊನೆಯ ವಾರದಲ್ಲಿ ತೆರೆದರಾಯಿತು ಎಂದುಕೊಂಡರೆ ಅರ್ಜಿ ಸಿದ್ಧವಿದ್ದೂ ಸಲ್ಲಿಸಲಾಗದೆ ಕುಳಿತಿರಬೇಕಾಗುತ್ತದೆ.

ಕಾಗದಪತ್ರ

ನೋಂದಣಿ ಪತ್ರ, ಉಪನಿಯಮಗಳು, ನಿರ್ದೇಶಕರ ಪಟ್ಟಿ, ಹಿಂದಿನ ವರ್ಷದ ಹಣಕಾಸು ತಃಖ್ತೆ, ಕಂದಾಯ ಸಂಸ್ಥೆ ಕೊಟ್ಟ 9 ಅಂಕಿಯ ಬಿಸಿನೆಸ್ ಸಂಖ್ಯೆ, ಅರ್ಜಿ ಹಾಕಲು ಒಪ್ಪಿದ ಮಂಡಳಿಯ ಠರಾವು. ಇಷ್ಟೂ ಒಂದೇ ಕಡತದಲ್ಲಿರಲಿ. ಕಾನೂನುಬದ್ಧ ಹೆಸರು ಎಲ್ಲ ಕಾಗದಗಳಲ್ಲೂ ಅಕ್ಷರಶಃ ಒಂದೇ ಆಗಿರಬೇಕು. ದತ್ತಿ ಸಂಸ್ಥೆಯಾಗಿದ್ದರೆ ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ ಟಿ3010 (ದತ್ತಿ ಸಂಸ್ಥೆಗಳು ಕಂದಾಯ ಸಂಸ್ಥೆಗೆ ಕೊಡಬೇಕಾದ ವಾರ್ಷಿಕ ವಿವರ) ಸಲ್ಲಿಕೆಯಾಗಿದೆಯೇ ನೋಡಿಕೊಳ್ಳಿ. ಅದು ಸಾರ್ವಜನಿಕ ದಾಖಲೆ. ಅರ್ಜಿ ಓದುವವರು ಅದನ್ನು ತೆರೆದು ನೋಡಿಯೇ ನೋಡುತ್ತಾರೆ.

ಏನನ್ನು ಕೇಳಬೇಕು?

ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲಿ. ಬಲವರ್ಧನೆಯ ಹಣಕ್ಕೆ ಅರ್ಜಿ ಹಾಕಿ, ಒಳಗೆ ಬೇಸಿಗೆ ಶಿಬಿರದ ವಿವರ ಬರೆದಿರುತ್ತಾರೆ. ಶಿಬಿರ ಎಷ್ಟೇ ಚೆನ್ನಾಗಿರಲಿ, ಈ ಹಣ ಅದಕ್ಕಲ್ಲ. ಶಿಬಿರ ನಡೆಸುವ ಸಂಸ್ಥೆ ಮೂರು ವರ್ಷದ ನಂತರವೂ ಉಳಿದಿರಲು ಏನು ಬೇಕೋ ಅದಕ್ಕೆ: ಲೆಕ್ಕದ ತಂತ್ರಾಂಶ, ಮಂಡಳಿಗೆ ತರಬೇತಿ, ಸಿಬ್ಬಂದಿ ನಿಯಮಾವಳಿ, ದಾನಿಗಳ ದಾಖಲೆ, ಕಚೇರಿಯ ದುರಸ್ತಿ.

ಸಂಕೋಚವೂ ಒಂದು ಕಾರಣ. ‘ಮಕ್ಕಳ ಹೆಸರಿನಲ್ಲಿ ಬಂದ ಹಣವನ್ನು ಬಾಡಿಗೆಗೆ ಹಾಕುವುದೇ?’ ಎಂಬ ಮುಜುಗರ ದುಡಿಮೆಗಾರರಿಗೆ ಸಹಜ. ಅವರಿಗೆ ಹ್ಯಾಲಿಫ್ಯಾಕ್ಸ್‌ನ ಆಫ್ರಿಕ್‌ವಿಲ್ ನೆನಪಿಸಬಹುದು. 1960ರ ದಶಕದಲ್ಲಿ ನಗರಾಡಳಿತ ಆ ಕಪ್ಪು ವರ್ಣೀಯರ ಬಡಾವಣೆಯನ್ನು ಎಬ್ಬಿಸಿತು. ಮನೆಗಳ ಜೊತೆ ಸಮುದಾಯದ ಚರ್ಚ್ ಕೂಡ ನೆಲಸಮವಾಯಿತು. ನಗರ ಕ್ಷಮೆ ಕೇಳಿದ್ದು 2010ರಲ್ಲಿ. ಸೇರುವ ಜಾಗ ಹೋದರೆ ಸಮುದಾಯಕ್ಕೆ ಏನೇನು ಹೋಗುತ್ತದೆಂಬುದು ಅಲ್ಲಿಯವರಿಗೆ ಗೊತ್ತು. ಬಾಡಿಗೆ, ದುರಸ್ತಿ ಕೇಳುವುದು ದುಂದಲ್ಲ.

ಬರೆಯುವಾಗ ಕೊರತೆಯನ್ನು ಅಂದಾಜಿಸಬಹುದಾದ ಮಾತಿನಲ್ಲಿ ಹೇಳಿ. ‘ನಮ್ಮ ಆಡಳಿತ ಸಾಮರ್ಥ್ಯ ಹೆಚ್ಚಬೇಕಿದೆ’ ಎಂದರೆ ಓದುವವರಿಗೆ ಏನೂ ತಿಳಿಯದು. ‘ಲೆಕ್ಕವನ್ನು ಅಧ್ಯಕ್ಷರೇ ರಾತ್ರಿ ಕುಳಿತು ಬರೆಯುತ್ತಾರೆ; ವಾರ್ಷಿಕ ತಃಖ್ತೆ ಕಳೆದೆರಡು ವರ್ಷ ತಡವಾಗಿದೆ; ಆ ಕಾರಣಕ್ಕೆ ಬೇರೆ ಅನುದಾನ ಕೈತಪ್ಪಿದೆ’ ಎಂದರೆ ತಿಳಿಯುತ್ತದೆ. ಹಾಗಾಗಿದ್ದರೆ ಮಾತ್ರ ಬರೆಯಿರಿ.

ಬಜೆಟ್

ಸಂಬಳದ ಸಾಲಿನಿಂದ ಶುರು ಮಾಡಿ. ವಾರಕ್ಕೆ 15 ಗಂಟೆ, ಗಂಟೆಗೆ 32 ಡಾಲರ್‌ನಂತೆ 50 ವಾರಕ್ಕೆ ಲೆಕ್ಕ ಬರೆಯುವವರೊಬ್ಬರನ್ನು ಇಟ್ಟುಕೊಂಡರೆ 24,000 ಡಾಲರ್. ಹೊಸಬರು ಅಷ್ಟನ್ನೇ ಬರೆದು ಮುಂದೆ ಹೋಗುತ್ತಾರೆ. ಉದ್ಯೋಗದಾತರ ಪಾಲು ಎಲ್ಲಿ? ಒಂಟಾರಿಯೊದಲ್ಲಾದರೆ ಪಿಂಚಣಿ ಯೋಜನೆಗೆ, ಮೊದಲ 3,500 ಡಾಲರ್ ಬಿಟ್ಟು, ಶೇ 5.95ರಂತೆ ಸುಮಾರು 1,220. ರಜೆ ಸಂಬಳ ಕನಿಷ್ಠ ಶೇ 4, ಅಂದರೆ 960. ಉದ್ಯೋಗ ವಿಮೆಗೆ ನೌಕರರು ಕಟ್ಟುವುದರ 1.4 ಪಟ್ಟು. ಎಲ್ಲ ಸೇರಿ ಎರಡೂವರೆ ಸಾವಿರ ಡಾಲರ್‌ಗೂ ಮಿಕ್ಕಿ. ಈ ಸಾಲು ಬಿಟ್ಟುಹೋದರೆ ಆ ಹಣ ಸಂಸ್ಥೆಯ ಬರಿದಾದ ಕಿಸೆಯಿಂದಲೇ ಹೋಗಬೇಕು.

ತೆರಿಗೆಯ ಲೆಕ್ಕ ಇದಕ್ಕೆ ತಿರುಗುಮುರುಗು. ಒಂಟಾರಿಯೊದಲ್ಲಿ ಖರೀದಿಯ ಮೇಲೆ ಶೇ 13 ಎಚ್‌ಎಸ್‌ಟಿ (ಒಕ್ಕೂಟ ಮತ್ತು ಪ್ರಾಂತ್ಯದ ಪಾಲು ಸೇರಿದ ಮಾರಾಟ ತೆರಿಗೆ) ಇದೆ. ನೋಂದಾಯಿತ ದತ್ತಿ ಸಂಸ್ಥೆಗಳಿಗೆ, ಹಾಗೆಯೇ ಆದಾಯದಲ್ಲಿ ಕನಿಷ್ಠ ಶೇ 40 ಸರ್ಕಾರದ ನೆರವೇ ಇರುವ ಲಾಭರಹಿತ ಸಂಸ್ಥೆಗಳಿಗೆ, ಒಕ್ಕೂಟದ ಪಾಲಿನಲ್ಲಿ ಶೇ 50, ಪ್ರಾಂತ್ಯದ ಪಾಲಿನಲ್ಲಿ ಶೇ 82 ವಾಪಸ್ ಸಿಗುತ್ತದೆ. ವಾಪಸ್ ಬರುವ ಮೊತ್ತವನ್ನು ಅನುದಾನದಲ್ಲೂ ಖರ್ಚೆಂದು ತೋರಿಸುವಂತಿಲ್ಲ. ದೊಡ್ಡ ಅನುದಾನ ಬಂದ ವರ್ಷವೇ ಸಣ್ಣ ಸಂಸ್ಥೆಯೊಂದು ಶೇ 40ರ ಗೆರೆ ದಾಟಿ ಈ ಮರುಪಾವತಿಗೆ ಅರ್ಹವಾಗಬಹುದು. ನಿಯಮಗಳನ್ನು ಆಗ ಇನ್ನೊಮ್ಮೆ ನೋಡಿ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ

ಸರ್ಕಾರದ ಹಣ ಎರಡು ಬಗೆಯಲ್ಲಿ ಬರುತ್ತದೆ. ‘ಗ್ರ್ಯಾಂಟ್’ ಆದರೆ ಅರ್ಹತೆಯನ್ನು ಮೊದಲೇ ನೋಡಿರುತ್ತಾರೆ, ಆಮೇಲಿನ ಲೆಕ್ಕ ಒಪ್ಪಿಸುವ ಭಾರ ಕಡಿಮೆ. ‘ಕಾಂಟ್ರಿಬ್ಯೂಷನ್’ ಆದರೆ ಷರತ್ತು, ಬಾಬ್ತುವಾರು ಖರ್ಚಿನ ವರದಿ, ಲೆಕ್ಕಪರಿಶೋಧನೆಯ ಸಾಧ್ಯತೆ ಎಲ್ಲವೂ ಇವೆ. ಕಾಂಟ್ರಿಬ್ಯೂಷನ್‌ನ ಕೊನೆಯ ಕಂತನ್ನು ಅಂತಿಮ ವರದಿ ಒಪ್ಪಿಗೆಯಾಗುವವರೆಗೆ ತಡೆಹಿಡಿಯಬಹುದು. ಆ ತಿಂಗಳುಗಳಲ್ಲಿ ಸಂಬಳ ಎಲ್ಲಿಂದ ಕೊಡುತ್ತೀರಿ ಎಂಬುದು ಮಂಡಳಿಯ ನಡಾವಳಿಯಲ್ಲೇ ದಾಖಲಾಗಲಿ.

ಒಂದು ಬಾಬ್ತಿನ ಹಣವನ್ನು ಇನ್ನೊಂದಕ್ಕೆ ತಿರುಗಿಸಬೇಕಾದರೆ ಮೊದಲು ಅಧಿಕಾರಿಗೆ ಇಮೇಲ್ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಫೋನಿನಲ್ಲಿ ಸಿಕ್ಕ ಒಪ್ಪಿಗೆ, ಆ ಅಧಿಕಾರಿ ವರ್ಗವಾಗಿ ಹೋದ ಮೇಲೆ, ಉಪಯೋಗಕ್ಕೆ ಬರುವುದಿಲ್ಲ. ಬಿಲ್ಲು, ರಸೀದಿ, ಸಂಬಳದ ದಾಖಲೆಗಳನ್ನು ಸಂಬಂಧಪಟ್ಟ ತೆರಿಗೆ ವರ್ಷ ಮುಗಿದ ಮೇಲೂ ಕನಿಷ್ಠ 6 ವರ್ಷ ಕಾಯ್ದಿಡಬೇಕು, ಅದೂ ಖಜಾಂಚಿಯ ಮನೆಯ ಲ್ಯಾಪ್‌ಟಾಪ್‌ನಲ್ಲಲ್ಲ, ಸಂಸ್ಥೆಯದೇ ಖಾತೆಯಲ್ಲಿ.

ಅರ್ಜಿ ತಿರಸ್ಕೃತವಾದರೆ ಕಾರಣ ತಿಳಿಸುವಂತೆ ಬರೆದು ಕೇಳಿ; ಮುಂದಿನ ಕರೆಗೆ ಆ ಟಿಪ್ಪಣಿಯನ್ನು ಮುಂದಿಟ್ಟುಕೊಂಡೇ ಕುಳಿತುಕೊಳ್ಳಿ.