ಬೆಂಗಳೂರು–ಮಂಗಳೂರು: ಆಕಾಶದಲ್ಲಿ ಬರೀ 39 ನಿಮಿಷ

ಪುತ್ತೂರಿನ ಮನೆಗೆ ನಾನು ಯಾವಾಗಲೂ ರಾತ್ರಿ ಬಸ್ಸಿನಲ್ಲೇ ಹೋಗುವವನು. ಹೋದ ದಸರೆಗೆ ಸ್ಲೀಪರ್ ಬಸ್ಸಿನ ದರ ಏರಿ ಏರಿ ವಿಮಾನದ ಹತ್ತಿರಕ್ಕೇ ಬಂದಿತ್ತು. ಮಂಗಳೂರಿನ ವಿಮಾನದ ಟಿಕೆಟ್‌ನಲ್ಲಿ 1 ಗಂಟೆ 5 ನಿಮಿಷ ಅಂತಿತ್ತು. ಸರಿ, ಬುಕ್ ಮಾಡಿದೆ. ಆದರೆ ಈ ಸಲ ಹೊರಟಾಗಿನಿಂದ ಮನೆ ಮುಟ್ಟುವವರೆಗೆ ಟೈಮ್ ಬರೆದಿಟ್ಟುಕೊಂಡೆ.

ಮೊದಲು ದೂರದ ವಿಷಯ. ರಸ್ತೆಯಲ್ಲಿ ಮಂಗಳೂರಿಗೆ ಸುಮಾರು 350 ಕಿ.ಮೀ. ಆಕಾಶದ ದೂರವನ್ನು ಕಾಗದದ ಮೇಲೆ ನಾನೇ ಲೆಕ್ಕ ಹಾಕಿದೆ. ದೇವನಹಳ್ಳಿಯ ವಿಮಾನ ನಿಲ್ದಾಣ ಇರುವುದು 77.7 ಡಿಗ್ರಿ ರೇಖಾಂಶದಲ್ಲಿ, ಮಂಗಳೂರಿನ ನಿಲ್ದಾಣ ಇರುವ ಬಜ್ಪೆ 74.9ರಲ್ಲಿ. ವ್ಯತ್ಯಾಸ 2.8. ನಮ್ಮ ಕಡೆ ಒಂದು ಡಿಗ್ರಿ ರೇಖಾಂಶ ಅಂದರೆ ಸುಮಾರು 108 ಕಿ.ಮೀ. ಗುಣಿಸಿದರೆ 300 ಚಿಲ್ಲರೆ. ಎರಡೂ ಊರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿ ಇರುವುದರಿಂದ ಲೆಕ್ಕ ಇಷ್ಟು ಸುಲಭ. ಅಂದರೆ ಶಿರಾಡಿ ಘಾಟಿಯ ಅಷ್ಟೆಲ್ಲಾ ತಿರುವು ಸೇರಿಯೂ ರಸ್ತೆ ಜಾಸ್ತಿಯಾಗುವುದು 50 ಕಿ.ಮೀ. ಮಾತ್ರ!

ಬನಶಂಕರಿಯ ಮನೆ ಬಿಟ್ಟಾಗ ಬೆಳಿಗ್ಗೆ 9.10. ವಾಯು ವಜ್ರ ಬಸ್ಸು ಹೆಬ್ಬಾಳದಲ್ಲಿ ತೆವಳಿ, ನಿಲ್ದಾಣ ಮುಟ್ಟಿದಾಗ 11.20. 12.45ಕ್ಕೆ ವಿಮಾನ ಜಾಗ ಬಿಟ್ಟು ಹಿಂದೆ ಸರಿಯಿತು. ರನ್‌ವೇ ತನಕ ಉರುಳಿಕೊಂಡು ಹೋಗಿ ಮೇಲೇರಿದ್ದು 1.02ಕ್ಕೆ. ಚಕ್ರ ಬಜ್ಪೆಯ ನೆಲ ಮುಟ್ಟಿದ್ದು 1.41ಕ್ಕೆ. ಹಾರಿದ್ದು ಬರೀ 39 ನಿಮಿಷ. ಜಾಗ ಬಿಟ್ಟ ಕ್ಷಣದಿಂದ ಮತ್ತೆ ಹೋಗಿ ನಿಲ್ಲುವ ತನಕದ್ದು ಟಿಕೆಟ್‌ನ ಲೆಕ್ಕ. ಅದರಲ್ಲಿ ಸ್ವಲ್ಪ ಕೈಯಲ್ಲಿರಲಿ ಅಂತ ಇಟ್ಟ ನಿಮಿಷಗಳೂ ಇರುತ್ತವೆ. ಮಳೆಗಾಲದಲ್ಲಿ ಬಜ್ಪೆ ಗುಡ್ಡಕ್ಕೆ ಮೋಡ ಕವಿದರೆ ಆ ನಿಮಿಷಗಳೂ ಸಾಲುವುದಿಲ್ಲ. ಮೇಲೆ ಸುತ್ತು ಹೊಡೆಯಬೇಕು, ಕೆಲವೊಮ್ಮೆ ವಾಪಸ್ಸೇ ಹೋಗಬೇಕು.

ಗಂಟೆಗೆ 800 ಕಿ.ಮೀ. ಹೋಗಬಲ್ಲ ಜೆಟ್‌ಗೆ 300 ಕಿ.ಮೀ. ಅಂದರೆ ಅರ್ಧ ಗಂಟೆಯೂ ಬೇಡ ಅಲ್ವಾ? ಆದರೆ ಇಷ್ಟು ಹತ್ತಿರದ ದಾರಿ ಹತ್ತುವುದರಲ್ಲಿ, ಇಳಿಯುವುದರಲ್ಲೇ ಮುಗಿಯುತ್ತದೆ. ಪೂರ್ತಿ ವೇಗದಲ್ಲಿ ಓಡುವುದು ಸ್ವಲ್ಪವೇ ಹೊತ್ತು. ನೀರು ಕೊಟ್ಟ ಹುಡುಗಿ ಹಿಂದಿನ ಸಾಲು ಮುಟ್ಟುವ ಮೊದಲೇ ಬೆಲ್ಟ್ ಹಾಕಿ ಅಂತ ಹೇಳಿದರು. ಕಿಟಕಿಯಲ್ಲಿ ಘಟ್ಟ ಕಾಣಲಿಲ್ಲ, ಬರೀ ಹತ್ತಿಯಂಥ ಮೋಡ. ಮೋಡ ಸೀಳಿ ಇಳಿದಾಗ ಕೆಂಪು ಕಲ್ಲಿನ ಕೋರೆ, ಹಂಚಿನ ಮನೆ, ಅಡಿಕೆ ತೋಟ.

ಇಲ್ಲೇ ಇರುವುದು ತಮಾಷೆ. ಬಸ್ಸಾದರೆ ಉಪ್ಪಿನಂಗಡಿಯಲ್ಲೇ ಪುತ್ತೂರಿಗೆ ತಿರುಗುತ್ತದೆ. ವಿಮಾನ ನಮ್ಮ ಸೀಮೆಯನ್ನೆಲ್ಲ ದಾಟಿ ಕಡಲ ಹತ್ತಿರ ಇಳಿಸುತ್ತದೆ. ಅಲ್ಲಿಂದ ಬಂದ ದಿಕ್ಕಿಗೇ 50 ಕಿ.ಮೀ. ವಾಪಸ್! ಬ್ಯಾಗ್ ತಗೊಂಡು, ಪಡೀಲಿಗೆ ಬಂದು, ಬಸ್ಸು ಹಿಡಿದು ಮನೆ ಮುಟ್ಟಿದಾಗ 4.05.

ಒಟ್ಟು 6 ಗಂಟೆ 55 ನಿಮಿಷ. ರಾತ್ರಿ ಬಸ್ಸಾಗಿದ್ದರೆ ಮನೆಯಿಂದ ಮನೆಗೆ ಸುಮಾರು ಎಂಟೂವರೆ, ಅದರಲ್ಲಿ ಐದು ಗಂಟೆ ನಿದ್ದೆ. ನೀವು ನಿಲ್ದಾಣಕ್ಕೆ ಹತ್ತಿರದ ಯಲಹಂಕದವರಾಗಿ, ಹೋಗುವುದು ಮಂಗಳೂರಿನದೇ ಕದ್ರಿಗೋ ಕಾವೂರಿಗೋ ಆದರೆ ಕಣ್ಣು ಮುಚ್ಚಿ ವಿಮಾನ ಹತ್ತಿ.

ಅಮ್ಮ ಬಾಗಿಲಲ್ಲೇ ಕೇಳಿದರು, "ವಿಮಾನದಲ್ಲಿ ಬಂದದ್ದಾ, ನಡ್ಕೊಂಡು ಬಂದದ್ದಾ ನೀನು?" ವಾಪಸ್ ಬರುವಾಗ ಬಸ್ಸು. ಗೋಣಿ ತುಂಬಾ ತೆಂಗಿನಕಾಯಿ, ಎರಡು ಕಟ್ಟು ಹಲಸಿನ ಹಪ್ಪಳ, ಎಲ್ಲ ಡಿಕ್ಕಿಯಲ್ಲಿ. ಎಷ್ಟು ಕೆ.ಜಿ. ಅಂತ ಯಾರೂ ಕೇಳಲಿಲ್ಲ.