ಟರ್ಕಿ ಬೇಟೆಗೆ ಪಾಯಿಂಟ್ 410 ಕೋವಿ: ನನ್ನ ಅನುಭವ

ಪಾಯಿಂಟ್ 410 ಅಂದರೆ ನಳಿಗೆಯ ಒಳ ಅಗಲ 0.410 ಇಂಚು ಇರುವ ಸಣ್ಣ ಚರೆಕೋವಿ. ಅದಕ್ಕೆ ಟರ್ಕಿ ಅನ್ನುವ ದೊಡ್ಡ ಕಾಡುಹಕ್ಕಿ ಬೀಳೋದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಅಮೆರಿಕದ ಮಿಸೌರಿ ರಾಜ್ಯದ ಓಜಾರ್ಕ್ ಬೆಟ್ಟಗಳಲ್ಲಿ ಹುಟ್ಟಿ ಬೆಳೆದ ಹಳೆಯ ಬೇಟೆಗಾರರು ಹೇಳಿದರು. ಸೇಂಟ್ ಲೂಯಿಸ್‌ನಲ್ಲಿರುವ ನಮ್ಮ ಹಾಸನದ ಗೆಳೆಯ, "ಮಾರಾಯ, ಅದು ಅಳಿಲು ಹೊಡೆಯೋ ಕೋವಿ, ಸುಮ್ನೆ ದುಡ್ಡು ದಂಡ" ಅಂದ. ಈಗ ಕೆಲವು ವಸಂತಗಳಿಂದ ನನ್ನ ಪರ್ಮಿಟ್ ವ್ಯರ್ಥವಾಗಿಲ್ಲ. ಎಲ್ಲ ಹುಂಜಗಳೂ ಆ 'ಅಳಿಲು ಕೋವಿ'ಗೇ ಬಿದ್ದಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೊಡಗಿನವನು. ನಮ್ಮ ಮನೆಯಲ್ಲಿ ಕೋವಿ ಅಂದರೆ 12 ಬೋರಿನ ಜೋಡುನಳಿಗೆ (ಬೋರಿನ ಸಂಖ್ಯೆ ಕಡಿಮೆಯಾದಷ್ಟೂ ನಳಿಗೆ ದೊಡ್ಡದು). ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಅದಕ್ಕೇ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಅಲ್ಲಿ ಈಗ ಬೇಟೆ ಅಪರಾಧ. ಇಲ್ಲಿ ಏಪ್ರಿಲ್‌ನಲ್ಲಿ ಪರ್ಮಿಟ್ ತಗೊಂಡು ರಾಜಾರೋಷವಾಗಿ ಕಾಡಿಗೆ ಹೋಗಬಹುದು. ಮಿಸೌರಿಯಲ್ಲಿ ಟರ್ಕಿ ಇನ್ನೇನು ಮುಗಿದೇ ಹೋಯಿತು ಅನ್ನುವ ಸ್ಥಿತಿಯಿಂದ ಅವುಗಳನ್ನು ಮತ್ತೆ ಬೆಳೆಸಿ, 1960ರಲ್ಲಿ ವಸಂತದ ಬೇಟೆ ಶುರು ಮಾಡಿದರು. ಹೊಸದಾಗಿ ಬಂದವರಿಗೆ ಒಂದು ಮಾತು: ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಬೇಟೆಯ ಲೈಸೆನ್ಸ್ ಕೈಗೆ ಬರುವ ಮೊದಲು ಕೋವಿ ಮುಟ್ಟಲೇಬೇಡಿ. ಇಲ್ಲಿನ ಕೇಂದ್ರದ ಕಾನೂನು ಇದರಲ್ಲಿ ಬಹಳ ಬಿಗಿ.

ಮೊದಲು ಎಲ್ಲರೂ ಹೇಳಿದ್ದನ್ನೇ ತಗೊಂಡೆ. ಮೂರೂವರೆ ಇಂಚಿನ ತೋಟಾ ಹಾಕುವ 12 ಬೋರ್ ಪಂಪ್, ಅಂದರೆ ಹಿಡಿ ಹಿಂದೆಮುಂದೆ ಎಳೆದು ತೋಟಾ ಏರಿಸುವ ಕೋವಿ. 500 ಡಾಲರ್ ಹತ್ತಿರ ಆಯಿತು. ಅದರ ಜೊತೆ ಬಂದ ಚೋಕ್ (ತೋಟಾದ ಚರೆ, ಅಂದರೆ ಸಣ್ಣ ಗುಂಡುಗಳು, ಹೆಚ್ಚು ಹರಡದಂತೆ ನಳಿಗೆಯ ತುದಿ ಬಿಗಿ ಮಾಡುವ ಕೊಳವೆ) ಸಾಲದು ಅಂದರು, 80 ಡಾಲರ್ ಕೊಟ್ಟು ಇನ್ನೊಂದು ಹಾಕಿಸಿದೆ. ಕಾಗದಕ್ಕೆ ಹೊಡೆದು ನೋಡಿದರೆ ಹಳೆ ಚೋಕೇ ವಾಸಿ! 40 ಗಜದಲ್ಲಿ ಹತ್ತು ಇಂಚಿನ ವೃತ್ತದೊಳಗೆ ನೂರು ಚರೆ ಬೀಳಬೇಕು ಅನ್ನೋದು ಇಲ್ಲಿನ ಲೆಕ್ಕ. ನನ್ನದು ಅರವತ್ತು ದಾಟಲಿಲ್ಲ. ಅದರಲ್ಲೂ ಎಡಗಡೆ ಕುತ್ತಿಗೆಯಷ್ಟು ಅಗಲದ ಖಾಲಿ ಜಾಗ. ಮತ್ತೊಂದು ಚೋಕ್, ಮತ್ತೆ 60 ಡಾಲರ್. ಸೀಸದ ಚರೆಯಲ್ಲಿ 4, 5, 6 ನಂಬರ್ (ನಂಬರ್ ಹೆಚ್ಚಿದಷ್ಟೂ ಚರೆ ಸಣ್ಣ) ಮೂರನ್ನೂ ಹೊಡೆದು ನೋಡಿದೆ. ಸಂಜೆ ಹೊತ್ತಿಗೆ ಭುಜ ನೀಲಿ. ಒಟ್ಟು 800 ಡಾಲರ್ ಹತ್ತಿರ ಸುರಿದೆ. ಕೊನೆಗೆ ಆ ಕೋವಿ ಮಾರಿದಾಗ ಸಿಕ್ಕಿದ್ದು 300.

ದೊಡ್ಡ ಕೋವಿಯ ದೊಡ್ಡ ತೊಂದರೆ ಅದರ ಒದೆತ. ಅಂಥ ತೋಟಾ ಹತ್ತು ಸಲ ಹೊಡೆದವನ ಕಣ್ಣು, ಹನ್ನೊಂದನೆಯ ಸಲ ಟ್ರಿಗರ್ ಎಳೆಯುವ ಮೊದಲೇ ಮುಚ್ಚುತ್ತದೆ. ಎಷ್ಟು ಗಟ್ಟಿ ಆಳಾದರೂ ಅಷ್ಟೇ.

ಆಗ ಲೆಕ್ಕವನ್ನು ತಿರುಗಿಸಿ ಹಾಕಿದೆ. ಕೋವಿ ಆಮೇಲೆ, ಮೊದಲು ಚರೆ. ಟಂಗ್‌ಸ್ಟನ್ ಚರೆ, ಇಲ್ಲಿ ಟಿಎಸ್‌ಎಸ್ ಅನ್ನುತ್ತಾರಲ್ಲ, ಅದರ ಸಾಂದ್ರತೆ ನೀರಿನ ಸುಮಾರು 18 ಪಟ್ಟು. ಸೀಸದ್ದು 11. ಹಾಗಾಗಿ ಎರಡು ಮಿಲಿಮೀಟರಿನ 9 ನಂಬರ್ ಟಂಗ್‌ಸ್ಟನ್ ಚರೆ, ಮೂರು ಮಿಲಿಮೀಟರಿನ 5 ನಂಬರ್ ಸೀಸದಷ್ಟೇ ಆಳ ಇಳಿಯುತ್ತದೆ. 410ರ ಮೂರು ಇಂಚಿನ ತೋಟಾದಲ್ಲಿ ಅದು ಇನ್ನೂರ ತೊಂಬತ್ತು ಚರೆ ಹಿಡಿಸುತ್ತದೆ. ನನ್ನ ಭುಜ ಮುರಿದ ಎರಡು ಔನ್ಸಿನ ಸೀಸದ ತೋಟಾದಲ್ಲಿ ಇದ್ದದ್ದು ಮುನ್ನೂರ ನಲವತ್ತು. ವ್ಯತ್ಯಾಸ ಇಷ್ಟೇ ಅಲ್ವಾ? ಇದನ್ನು ಕಾಗದದ ಮೇಲೆ ಬರೆದು ತೋರಿಸಿದರೂ ನನ್ನ ಗೆಳೆಯ ಒಪ್ಪಲಿಲ್ಲ.

ಸ್ಟೀವನ್ಸ್ 301 ಅನ್ನುವ ಒಂಟಿನಳಿಗೆ ತಗೊಂಡೆ. 250 ಡಾಲರ್ ಆಸುಪಾಸು. ತೂಕ ಎರಡೂಕಾಲು ಕೆಜಿ. ಬೆಟ್ಟ ಹತ್ತಿ ಇಳಿದು ಓಕ್ ಮರಕ್ಕೆ ಒರಗಿ, ಮೊಣಕಾಲ ಮೇಲೆ ಕೋವಿ ಇಟ್ಟುಕೊಂಡು ಅರ್ಧ ಗಂಟೆ ಅಲುಗಾಡದೆ ಕೂತವರಿಗೆ ಗೊತ್ತು ಈ ತೂಕದ ಬೆಲೆ. ತೋಟಾ ಮಾತ್ರ ದುಬಾರಿ, ಒಂದಕ್ಕೆ ಹತ್ತು ಡಾಲರ್ ಹತ್ತಿರ. ಆದರೆ ವರ್ಷಕ್ಕೆ ಎಷ್ಟು ಬೇಕು? ಮಿಸೌರಿಯಲ್ಲಿ ವಸಂತಕ್ಕೆ ಎರಡೇ ಹುಂಜ.

ಮೊದಲ ಪರೀಕ್ಷೆಯಲ್ಲಿ 40 ಗಜಕ್ಕೆ ಎಂಬತ್ತು ಚಿಲ್ಲರೆ ಬಿತ್ತು. ಚೋಕ್ ಬದಲಾಯಿಸಿದ ಮೇಲೆ ನೂರ ಇಪ್ಪತ್ತರ ಸುತ್ತ ನಿಂತಿತು. ಆ ಚೋಕ್ ಯಾವುದು, ಎಷ್ಟು ಬಿಗಿ ಅಂತ ಇಲ್ಲಿ ಬರೆಯೋದಿಲ್ಲ. ಅದಕ್ಕೆ ನಾನು ಸುರಿದ ದುಡ್ಡು ಜಾಸ್ತಿ. ಒಂದು ಸುಳಿವು ಕೊಡುತ್ತೇನೆ: ಎಲ್ಲಕ್ಕಿಂತ ಬಿಗಿಯಾದದ್ದು ಎಲ್ಲಕ್ಕಿಂತ ಒಳ್ಳೆಯದಲ್ಲ.

ಹಠಕ್ಕೆ ಬಿದ್ದು ಇದೇ ಕೋವಿಯಲ್ಲಿ ಸೀಸದ 6 ನಂಬರನ್ನೂ ಹೊಡೆದು ನೋಡಿದೆ. ತೋಟಾದಲ್ಲಿ ಇರುವುದೇ ನೂರೈವತ್ತು ಚರೆ. 25 ಗಜಕ್ಕೇ ಹರವು ತೆಳ್ಳಗಾಯಿತು. ಹಳಬರು 410 ಬೇಡ ಅಂದದ್ದು ಸೀಸದ ಕಾಲಕ್ಕೆ ಪೂರ್ತಿ ಸರಿ. ಇನ್ನೊಂದು ದಿನ ಖಾಲಿ ಸೂಪ್ ಡಬ್ಬಗಳನ್ನು 40 ಗಜದಲ್ಲಿ ಸಾಲಾಗಿ ಇಟ್ಟೆ. 9 ನಂಬರ್ ಟಂಗ್‌ಸ್ಟನ್ ಡಬ್ಬದ ಒಂದು ಬದಿ ತೂರಿತು. 12 ಬೋರಿನ 5 ನಂಬರ್ ಸೀಸವೂ ಅಷ್ಟೇ ಮಾಡಿತು. ಗೆಳೆಯನ ಬಾಯಿ ಮುಚ್ಚಿಸಿದ್ದು ಆ ಡಬ್ಬಗಳು. ಊರಿನಲ್ಲಿರುವವರು ಈ ತೋಟಾವನ್ನು ಹಳೆಯ ಜೋಡುನಳಿಗೆಗೆ ಹಾಕುವ ಆಸೆ ಇಟ್ಟುಕೊಳ್ಳಬೇಡಿ. ಟಂಗ್‌ಸ್ಟನ್ ಉಕ್ಕಿಗಿಂತ ಗಟ್ಟಿ, ನಳಿಗೆ ಹಾಳಾಗುತ್ತದೆ.

ರೆಡ್ ಡಾಟ್ (ಗುರಿಯ ಮೇಲೆ ಕೆಂಪು ಚುಕ್ಕೆ ತೋರಿಸುವ ಕನ್ನಡಿ) ಹಾಕಿಸಿ, ಇದರಲ್ಲಿ ಮಾತ್ರ ಚೌಕಾಸಿ ಬೇಡ. 15 ಗಜದಲ್ಲಿ ಈ ಕೋವಿಯ ಹರವು ಒಂದು ಮುಷ್ಟಿಯಷ್ಟೇ ಇರುತ್ತದೆ. ನಳಿಗೆಯ ತುದಿಯ ಮಣಿ ನೋಡಿ ಹೊಡೆದರೆ, ತೀರಾ ಹತ್ತಿರ ಬಂದ ಹುಂಜವೇ ತಪ್ಪಿಹೋಗುತ್ತದೆ. ನನ್ನದಕ್ಕೆ 200 ಡಾಲರ್ ಆಯಿತು. ಗುರಿ ಹೊಂದಿಸಲು ಟಂಗ್‌ಸ್ಟನ್ ಸುಡಬೇಡಿ. ಅಗ್ಗದ ಸೀಸದ ತೋಟಾದಲ್ಲಿ 20 ಗಜಕ್ಕೆ ಹೊಂದಿಸಿ, ಕೊನೆಯಲ್ಲಿ ದುಬಾರಿಯದ್ದು ಒಂದೆರಡು ಹೊಡೆದು ಖಾತ್ರಿ ಮಾಡಿಕೊಳ್ಳಿ.

ಕಾಗದ 40 ಅಂದರೂ ಕಾಡಿನಲ್ಲಿ ನಾನು 35 ಗಜ ದಾಟಿದರೆ ಟ್ರಿಗರ್ ಮುಟ್ಟೋದಿಲ್ಲ. ಒಂಟಿನಳಿಗೆ, ಎರಡನೇ ಈಡು ಇಲ್ಲ. ಗಾಯ ಮಾಡಿ ಕಳೆದುಕೊಳ್ಳುವುದಕ್ಕಿಂತ ಬಿಟ್ಟುಬಿಡುವುದು ಮೇಲು. ಮೊದಲ ಹುಂಜ ಬಿದ್ದದ್ದು 32-33 ಗಜದಲ್ಲಿ. ಸ್ಲೇಟ್ ಕಾಲ್‌ನಲ್ಲಿ (ಕಲ್ಲಿನ ಬಿಲ್ಲೆಗೆ ಕಡ್ಡಿ ಉಜ್ಜಿ ಹಕ್ಕಿಯ ಸದ್ದು ಮಾಡುವ ಸಾಧನ) ಹೇಂಟೆಯ ದನಿ ಮಾಡಿ ಕರೆದೆ. ಎದೆ ಉಬ್ಬಿಸಿ ಬಂತು, ಕತ್ತು ಎತ್ತಿತು, ಕತ್ತಿನ ಬುಡಕ್ಕೆ ಒಂದೇ ಈಡು. ಒಂಬತ್ತು ಕೆಜಿ ತೂಗಿತು, ಎದೆಯಿಂದ ಜೋಲುವ ಗಡ್ಡ ಹತ್ತು ಇಂಚು. ಎದೆಯ ಮಾಂಸಕ್ಕೆ ಒಂದೂ ಚರೆ ತಾಗಿರಲಿಲ್ಲ. ಆ ಬೆಟ್ಟ ಎಲ್ಲಿದೆ ಅಂತ ಕೇಳಬೇಡಿ, ಮಾರ್ಕ್ ಟ್ವೇನ್ ಅನ್ನುವ ಇಲ್ಲಿನ ಸರ್ಕಾರಿ ಕಾಡಿನಲ್ಲಿ ಜಾಗಕ್ಕೇನು ಬರವಿಲ್ಲ.

ಕೋವಿ, ಚೋಕ್, ರೆಡ್ ಡಾಟ್, ಎರಡು ಪೆಟ್ಟಿಗೆ ತೋಟಾ ಸೇರಿ 600 ಡಾಲರ್ ಒಳಗೆ ಮುಗಿಯಿತು. ಹಾಸನದ ಗೆಳೆಯನೂ ಈಗ ಇದೇ ಕೋವಿ ತಗೊಂಡಿದ್ದಾನೆ. 28 ಬೋರಿಗೂ ಟಂಗ್‌ಸ್ಟನ್ ತೋಟಾ ಸಿಗುತ್ತದೆ. ಮುಂದಿನ ಏಪ್ರಿಲ್‌ಗೆ ಮೊದಲು ಅದನ್ನೂ ಇದೇ ಕಾಗದ, ಇದೇ ಡಬ್ಬಗಳ ಮುಂದೆ ನಿಲ್ಲಿಸಬೇಕು ಅಂತಿದ್ದೇನೆ.