ಊಟಕ್ಕೊಂದು ಚೀಲ: ಕಕ್ಕಬ್ಬೆ ಕ್ಯಾಂಪಿನ ಅಡುಗೆ ಲೆಕ್ಕ

ಸಾಮಾನನ್ನೆಲ್ಲ ಅಳೆದು, ಒಂದೊಂದು ಹೊತ್ತಿಗೆ ಒಂದೊಂದು ಚೀಲ ಕಟ್ಟುತ್ತೇನೆ ಎಂದಾಗ ನಮ್ಮ ಯುವಕ ಸಂಘದಲ್ಲಿ ಯಾರೂ ಒಪ್ಪಲಿಲ್ಲ. "ಬೆಟ್ಟ ಹತ್ತಿ ಬಂದ ಹುಡುಗರಿಗೆ ಅಳತೆ ಊಟ ಸಾಕಾಗುತ್ತಾ?" ಎಂದರು. ಸಾಕಾಯಿತು. ಮೂವತ್ತರ ಆಸುಪಾಸು ಹುಡುಗರು ಕೊಡಗಿನ ಕಕ್ಕಬ್ಬೆ ಹತ್ತಿರದ ತೋಟದಲ್ಲಿ ಎರಡು ರಾತ್ರಿ ಇದ್ದು, ತಡಿಯಂಡಮೋಳ್ ಬೆಟ್ಟ ಹತ್ತಿ ಇಳಿದರು. ಕೊನೆಗೆ ಉಳಿದದ್ದು ಒಂದಿಷ್ಟು ಅಕ್ಕಿ, ಸ್ವಲ್ಪ ಬೆಲ್ಲ.

ಮೊದಲೆಲ್ಲ ಎಲ್ಲವನ್ನೂ ಒಟ್ಟಿಗೆ ತುಂಬುತ್ತಿದ್ದೆವು. ಜೀಪಿನ ಕುಲುಕಾಟಕ್ಕೆ ಟೊಮೆಟೊ ಜಜ್ಜಿ ಅಕ್ಕಿಗೆ ರಸ ಇಳಿಯುತ್ತಿತ್ತು. ಬ್ರೆಡ್ ನೆಂದು ಬೂಸ್ಟು ಹಿಡಿಯುತ್ತಿತ್ತು. ಎರಡನೇ ದಿನಕ್ಕೇ ಎಣ್ಣೆ ಖಾಲಿ, ಮತ್ತೆ ಪೇಟೆಗೆ ಜೀಪ್, ಮತ್ತೆ ಬಾಡಿಗೆ. ತಲೆಗೆ 450 ರೂಪಾಯಿ ದಾಟುತ್ತಿತ್ತು. ಈ ಸಲ 270ರ ಸುತ್ತ ಮುಗಿಯಿತು, ಅದೂ ಹಂದಿಮಾಂಸ ಸೇರಿ!

ತರಕಾರಿಯನ್ನು ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಕೊಂಡೆ. ಬೆಳಿಗ್ಗೆ ಅಲ್ಲ, ಸಂಜೆ ಅಂಗಡಿ ಕಟ್ಟುವ ಹೊತ್ತಿಗೆ. ಟೊಮೆಟೊ ಬಿಟ್ಟೇ ಬಿಟ್ಟೆ. ಹುಳಿಗೆ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಇದೆಯಲ್ಲ, ಸಣ್ಣ ಬಾಟಲಿ ಸಾಕು. ಹಂದಿಮಾಂಸವನ್ನು ಮನೆಯಲ್ಲೇ ಹುರಿದು, ಕಾಚಂಪುಳಿ ಹಾಕಿ ನೀರು ಆರುವವರೆಗೆ ಬೇಯಿಸಿ ಒಯ್ದೆ. ಮರುದಿನ ಮಧ್ಯಾಹ್ನಕ್ಕೂ ಕೆಡಲಿಲ್ಲ. ಖಾರದ ಪುಡಿಯ ಅಳತೆ ಮಾತ್ರ ಹೇಳುವುದಿಲ್ಲ, ಅದು ಅಜ್ಜಿಯದು. ಹಂದಿ ತಿನ್ನದವರಿಗೆ ಮೊಟ್ಟೆ.

ನಿಜವಾಗಿ ಗೆದ್ದದ್ದು ಕಡಂಬುಟ್ಟು, ಅಂದರೆ ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವ ಕೊಡಗಿನ ಕಡುಬು. ನೂಡಲ್ಸ್ ಇಲ್ಲದಿದ್ದರೆ ಹುಡುಗರು ಗಲಾಟೆ ಮಾಡುತ್ತಾರೆ ಎಂದು ಎಲ್ಲರೂ ಹೆದರಿಸಿದ್ದರು. ಒಂದು ಕೆಜಿ ಅಕ್ಕಿ ತರಿಗೆ ಹೆಚ್ಚುಕಮ್ಮಿ ನಲವತ್ತು ಉಂಡೆ ಬರುತ್ತದೆ, ತಲೆಗೆ ನಾಲ್ಕೈದು. ಮೂರೂವರೆ ಕೆಜಿ ಒಯ್ದಿದ್ದೆ. ಉಂಡೆ ಕಟ್ಟುವ ಕೆಲಸ ಹುಡುಗರಿಗೇ ಕೊಟ್ಟೆ. ಕೈಗೆ ತುಪ್ಪ ಸವರಿಕೊಂಡು, ತರಿ ಬಿಸಿ ಇರುವಾಗಲೇ ಕಟ್ಟಬೇಕು. ಆರಿದರೆ ಬಿರುಕು ಬಿಡುತ್ತದೆ. ತಾವೇ ಕಟ್ಟಿದ್ದನ್ನು ಕುಂಬಳಕಾಯಿ ಕರಿ ಜೊತೆ ಪೈಪೋಟಿ ಮೇಲೆ ತಿಂದರು. ಕುಂಬಳಕಾಯಿ ಬೇಡ ಎಂದು ಹಟ ಮಾಡುತ್ತಿದ್ದವನೂ ಎರಡು ಸಲ ಹಾಕಿಸಿಕೊಂಡ.

ಮೊಟ್ಟೆಯನ್ನು ಇದೇ ತರಿಯ ಡಬ್ಬದಲ್ಲಿ ಹುಗಿದು ಒಯ್ದೆ. ಜೀಪ್ ಅಷ್ಟು ಕುಣಿದರೂ ಒಂದೂ ಒಡೆಯಲಿಲ್ಲ. ಬಿದಿರಿನ ಅಂಡೆಯಲ್ಲಿ ಅನ್ನ ಮಾಡುವ ಪ್ರಯೋಗವೂ ನಡೆಯಿತು. ಘಮ ಬಹಳ ಚೆನ್ನಾಗಿತ್ತು, ಆದರೆ ಗಂಟೆಗಟ್ಟಲೆ ಕಾದರೆ ನಾಲ್ಕು ಜನರಿಗೆ ಆಗುವಷ್ಟು. ತಮಾಷೆಗೆ ಸರಿ. ಸೌದೆ ನಂಬಬೇಡಿ, ಒದ್ದೆಯಾದರೆ ಅಡುಗೆ ಕೆಟ್ಟಿತು. ಗ್ಯಾಸ್ ಒಯ್ಯಿರಿ.

ಹಲಸಿನ ಹಣ್ಣು ಮಾತ್ರ ಬೇಡವೇ ಬೇಡ. ಆ ಕಡೆ ಆನೆ ಓಡಾಟ ಇದೆ, ಹಲಸಿನ ವಾಸನೆ ಅವಕ್ಕೆ ದೂರದಿಂದಲೇ ಸಿಗುತ್ತದೆ. ಬಾಳೆಹಣ್ಣನ್ನೂ ಹಗಲೇ ಮುಗಿಸಿಬಿಟ್ಟೆವು. ರಾತ್ರಿ ಹಸಿವಾದವರಿಗೆ ಕಡಲೆಕಾಯಿ, ಬೆಲ್ಲ, ಅವಲಕ್ಕಿ. ಮುಂದಿನ ಸಲ ಅವಲಕ್ಕಿ ಇನ್ನೊಂದು ಕೆಜಿ ಜಾಸ್ತಿ ಒಯ್ಯುತ್ತೇನೆ, ಬೆಟ್ಟದ ಮೇಲೆ ಮೊದಲು ಮುಗಿದದ್ದು ಅದೇ.